ಹೊಲಿಗೆ ಮೆಷಿನ್ನಿನ ಮೇಲೆ ಇಳಿದ ತಾಯಿ

ಬೆಳಿಗ್ಗೆ ಒಲೆಯ ಮೇಲಿಟ್ಟ ಹಾಲು ಒಡೆಯದೆ ಉಕ್ಕಿದರೆ ನಾನು ಒಂದು ಸಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ. ನಲ್ಲಿಯಲ್ಲಿ ನೀರು ಬಂದರೆ ಇನ್ನೊಂದು ಸಲ. ಹೂಟಗಳ್ಳಿಯ ಕಾರ್ಖಾನೆಗೆ ಹೋದ ಗಂಡ ಸಂಜೆ ಕೈಬೆರಳೆಲ್ಲ ನೆಟ್ಟಗಿಟ್ಟುಕೊಂಡು ಮನೆಗೆ ಬಂದರೆ ಮತ್ತೊಂದು ಸಲ. ಅವರು ನಗುತ್ತಾರೆ. "ದೇವ್ರಿಗೆ ಬೇರೆ ಕೆಲಸ ಇಲ್ವೇನೆ? ನಿನ್ನ ಹಾಲು ಕಾಯ್ತಾ ಕೂತಿರ್ತಾನಾ?" ಅನ್ನುತ್ತಾರೆ. ಕೂತಿರುತ್ತಾನೆ ಅಂತಲೇ ನನ್ನ ನಂಬಿಕೆ. ನನ್ನಂಥವಳಿಗೆ ಇಂಥ ಚಿಲ್ಲರೆ ದಯೆಗಳೇ ಸಾಕು. ದೊಡ್ಡ ದೊಡ್ಡ ಅದ್ಭುತ ಬೇಕಾದವರು, ಅದನ್ನು ಮೈಕಿನಲ್ಲಿ ಹೇಳಬೇಕಾದವರು ಬೇರೆ ಇದ್ದಾರೆ. ನಮ್ಮ ವಲಯದಲ್ಲೇ ಇದ್ದಾರೆ. ಅವರ ವಿಷಯವನ್ನೇ ಈಗ ಬರೆಯಬೇಕಾಗಿದೆ.

ನಾವಿರುವುದು ಹಿನಕಲ್ಲಿನಲ್ಲಿ. ಹಳ್ಳಿಯನ್ನು ಮೈಸೂರು ನುಂಗಿ ಎಷ್ಟೋ ಕಾಲವಾಯಿತು, ಆದರೂ ಕೆಲವು ಗೌಡರ ಮನೆಗಳ ಮುಂದೆ ಇನ್ನೂ ಹಸು ಕಟ್ಟಿರುತ್ತದೆ, ಪಕ್ಕದಲ್ಲೇ ಗಾಜು ಹೊದ್ದ ಬಾಡಿಗೆ ಮನೆ ಎದ್ದಿರುತ್ತದೆ. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ನಮ್ಮ ಕ್ರೈಸ್ತರ ಮನೆ. ಚರ್ಚಿನವರು ಈ ಮನೆಗಳನ್ನೆಲ್ಲ ಸೇರಿಸಿ ಒಂದು ವಲಯ ಅಂತ ಮಾಡಿದ್ದಾರೆ. ಅಕ್ಟೋಬರ್ ನಮಗೆ ಜಪಸರದ ತಿಂಗಳು, ಮಣಿ ಎಣಿಸುತ್ತಾ ಮರಿಯಮ್ಮನಿಗೆ ಪ್ರಾರ್ಥಿಸುವ ತಿಂಗಳು. ಆ ತಿಂಗಳಿಡೀ ಮಾತೆ ಮರಿಯಮ್ಮನ ಸ್ವರೂಪವೊಂದು ವಲಯದ ಮನೆಯಿಂದ ಮನೆಗೆ ಹೋಗುತ್ತದೆ. ಮೊಳದೆತ್ತರದ ಪ್ರತಿಮೆ, ನೀಲಿ ಹೊದಿಕೆ, ಮೂಗಿನ ತುದಿಯಲ್ಲಿ ಬಣ್ಣ ಸ್ವಲ್ಪ ಹೋಗಿದೆ. ಪದ್ಧತಿ ಸುಲಭ. ಇವತ್ತು ರಾತ್ರಿ ತಾಯಿ ಯಾರ ಮನೆಯಲ್ಲಿ ತಂಗಿದಳೋ ಆ ಮನೆಯವರೇ ನಾಳೆ ಸಂಜೆ ಎತ್ತಿಕೊಂಡು ಮುಂದಿನ ಮನೆಗೆ ನಡೆಯಬೇಕು. ಉಳಿದವರು ಹಾಡಿಕೊಂಡು ಹಿಂದೆ ಬರಬೇಕು. ಆ ಮನೆಯಲ್ಲಿ ಎಲ್ಲರೂ ಕೂತು ಜಪಸರ ಮಾಡಿ, ಕೊಟ್ಟದ್ದು ತಿಂದು, ತಾಯಿಯನ್ನು ಅಲ್ಲೇ ಬಿಟ್ಟು ಹೊರಡಬೇಕು. ಅಷ್ಟೇ.

ಅಷ್ಟೇ ಆಗಿತ್ತು, ಈಗಿನ ಸಂಚಾಲಕಿ ಬರುವ ತನಕ. ವಲಯಕ್ಕೊಬ್ಬ ಸಂಚಾಲಕಿ ಇರುತ್ತಾಳೆ, ಯಾರ ಮನೆ ಆದ ಮೇಲೆ ಯಾರ ಮನೆ ಅಂತ ಅವಳೇ ಹೇಳುವುದು. ನಮ್ಮ ಸಂಚಾಲಕಿ ಇಟಾಲಿಯನ್ ಮಾರ್ಬಲ್ ಹಾಕಿಸಿದ ಮನೆಯವಳು. ಆಕೆ ಬಂದ ಮೇಲೆ ತಾಯಿಗೂ ನಿಯಮ, ನಮಗೂ ನಿಯಮ. ತಾಯಿಯ ಕೆಳಗೆ ಬಿಳಿ ಬಟ್ಟೆಯೇ ಇರಬೇಕು. ಪ್ಲಾಸ್ಟಿಕ್ ಹೂ ಕೂಡದು. ಮುಖ್ಯವಾದದ್ದು, ಒಮ್ಮೆ ಇಟ್ಟ ಮೇಲೆ ಮಾರನೆಯ ಸಂಜೆಯ ತನಕ ಸ್ವರೂಪವನ್ನು ಯಾರೂ ಎತ್ತಕೂಡದು. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮಲ್ಲಿಗೆ ಹಾರಕ್ಕೆ ಇರುವೆ ಹತ್ತಿತ್ತು. ಒರೆಸೋಣ ಅಂತ ನಾನು ತಾಯಿಯನ್ನು ಒಂದು ಗೇಣು ಆಚೆ ಸರಿಸಿದ್ದನ್ನು ನೋಡಿ ಆಕೆ ಎಲ್ಲರೆದುರು, "ಏನ್ರೀ ಇದು, ತಾಯಿ ಏನು ಗ್ಯಾಸ್ ಸಿಲಿಂಡರಾ, ಬೇಕಾದ ಕಡೆ ಉರುಳ್ಸೋಕೆ? ಇಟ್ಟ ಮೇಲೆ ಇಟ್ಟ ಹಂಗೇ!" ಅಂದಿದ್ದಳು. ನಾನು ಒರೆಸುವ ಬಟ್ಟೆ ಮಡಚಿ ನನ್ನ ಜಾಗಕ್ಕೆ ಹೋಗಿ ಕೂತೆ. ಇರುವೆಗಳೂ ತಮ್ಮ ಪಾಡಿಗೆ ಇದ್ದವು.

ತಿಂಡಿಗೂ ನಿಯಮವಿತ್ತು: ಒಂದು ಬಾಳೆಹಣ್ಣು, ಒಂದು ಲೋಟ ಕಾಫಿ, ಸಾಕು, ಬಡವರಿಗೆ ಹೊರೆಯಾಗಬಾರದು. ಎಷ್ಟು ಒಳ್ಳೆಯ ಮಾತು! ಹೇಳಿದ ವಾರದಲ್ಲೇ ಆಕೆಯ ಅಕ್ಕಪಕ್ಕದ ಮನೆಯವರು ಶುರು ಮಾಡಿದರು. ಒಬ್ಬರ ಮನೆಯಲ್ಲಿ ಕೇಸರಿಬಾತು, ಅದನ್ನು ಮೀರಿಸಲು ಇನ್ನೊಬ್ಬರ ಮನೆಯಲ್ಲಿ ಗೋಬಿ ಮಂಚೂರಿ, ಅದನ್ನೂ ಮೀರಿಸಲು ಮತ್ತೊಂದು ಮನೆಯಲ್ಲಿ ಚಿಕನ್ ಪಫ್ಫು. ಜಪಸರದ ಐದು ಭಾಗಗಳಿಗೆ ರಹಸ್ಯ ಅನ್ನುತ್ತೇವೆ, ಕೊನೆಯ ರಹಸ್ಯ ಬರುವಷ್ಟರಲ್ಲಿ ಎಲ್ಲರ ಮೂಗೂ ಅಡುಗೆಮನೆಯ ಕಡೆ ತಿರುಗಿರುತ್ತಿತ್ತು. ಬೇಗ ಬೇಗ ಹೇಳಿ ಮುಗಿಸುವುದರಲ್ಲಿ ನಮ್ಮ ವಲಯವನ್ನು ಮೀರಿಸುವವರಿಲ್ಲ.

ಈ ವಲಯದಲ್ಲಿ, ನಮ್ಮ ಬೀದಿಯ ತಿರುವಿನಲ್ಲೇ, ರವಿಕೆ ಹೊಲಿಯುವ ಹೆಂಗಸಿನ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಮೆಷಿನ್ನು ತುಳಿದು ಸಾಕಿದವಳು. ವಲಯದ ಅರ್ಧ ಹೆಂಗಸರು ಕ್ರಿಸ್ಮಸ್ಸಿಗೆ ಹಾಕುವ ರವಿಕೆ ಅವಳ ಕೈಯದೇ. ಪ್ರತಿ ವರ್ಷ ತಾಯಿ ಅವಳ ಮನೆಯಲ್ಲೂ ಒಂದು ರಾತ್ರಿ ತಂಗುತ್ತಿದ್ದಳು. ಅಲ್ಲಿ ನಿಜಕ್ಕೂ ಬಾಳೆಹಣ್ಣು, ಕಾಫಿ ಅಷ್ಟೇ.

ಅವಳ ಮಗಳು ಒಬ್ಬ ಗೌಡರ ಹುಡುಗನನ್ನು ಮದುವೆಯಾದಳು. ರಿಜಿಸ್ಟ್ರಾರ್ ಆಫೀಸಿನಲ್ಲಿ. ಹುಡುಗ ಬೈಕ್ ರಿಪೇರಿ ಮಾಡುತ್ತಾನೆ. ಅವನ ಅಪ್ಪ ಮನೆಗೆ ಸೇರಿಸಲಿಲ್ಲ, ಹಾಗಾಗಿ ಅತ್ತೆ ಮನೆಯಲ್ಲೇ ಬಂದು ಉಳಿದ. ಬರುವಾಗ ಅವನ ಕೈಲಿದ್ದದ್ದು ಒಂದು ಬಟ್ಟೆ ಚೀಲ, ಮತ್ತೆ ಅವನ ಅವ್ವ ಗಂಡನಿಗೆ ಗೊತ್ತಾಗದ ಹಾಗೆ ಕೊಟ್ಟು ಕಳಿಸಿದ ಚಾಮುಂಡಿಯ ಒಂದು ಪಟ. ಆ ಪಟವನ್ನು ಎಲ್ಲಿಡುವುದು ಅಂತ ಅವನು ಕೇಳಲಿಲ್ಲ, ಚೀಲದಲ್ಲೇ ಇಟ್ಟುಕೊಂಡಿದ್ದ. ಅತ್ತೆಯೇ ತೆಗೆದು ಯೇಸುವಿನ ಪವಿತ್ರ ಹೃದಯದ ಪಟದಿಂದ ಸ್ವಲ್ಪ ಆಚೆ ಒಂದು ಮೊಳೆ ಹೊಡೆದು ನೇತುಹಾಕಿದಳು. "ಅವನಿಗೆ ಅಂತ ಮನೇಲಿ ಒಂದು ಮೊಳೆನಾದ್ರೂ ಬೇಡ್ವಾ ಅಕ್ಕ?" ಅಂದಳು ನನಗೆ.

ಆ ಮೊಳೆ ಗೋಡೆಗೆ ಹೊಡೆದದ್ದು, ಆದರೆ ನೋವಾದದ್ದು ಸಂಚಾಲಕಿಗೆ.

ಕಳೆದ ಅಕ್ಟೋಬರಿನಲ್ಲಿ ಮನೆಗಳ ಸರದಿ ಹೇಳುವಾಗ ಹೊಲಿಗೆಯವಳ ಮನೆಯನ್ನು ಆಕೆ ಹಾರಿಸಿಬಿಟ್ಟಳು. ನಮ್ಮ ಮನೆ ಆದ ಮೇಲೆ ಸೀದಾ ಆಕೆಯ ಮನೆ. ಹೊಲಿಗೆಯವಳು ಕೇಳಿದಾಗ, "ಬೇರೆ ದೇವ್ರ ಪಟ ಇರೋ ಕಡೆ ತಾಯಿನ ಕೂರ್ಸಕ್ಕಾಗುತ್ತೇನಮ್ಮ? ಒಂದು ರಾತ್ರಿ ಅದನ್ನ ತೆಗ್ದು ಅಟ್ಟದ ಮೇಲೆ ಹಾಕು, ಆಮೇಲೆ ನೋಡೋಣ. ನಾನಲ್ಲ ಹೇಳ್ತಿರೋದು, ಫಾದರ್ ಹೇಳಿದ್ದಾರೆ" ಅಂದಳಂತೆ.

ಹೊಲಿಗೆಯವಳು ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು. ರಕ್ತ ಕಡಿಮೆ, ಬಿಪಿ ಜಾಸ್ತಿ ಅಂತ ಡಾಕ್ಟರು ಹೆದರಿಸಿದ್ದರು. "ನಂಗೆ ಬೇರೇನೂ ಬೇಡ ಅಕ್ಕ. ಹೆರಿಗೆಗೆ ಮುಂಚೆ ತಾಯಿ ಒಂದು ರಾತ್ರಿ ನಮ್ಮನೇಲಿ ಇರ್ಬೇಕು. ಪ್ರತಿ ವರ್ಷ ಇರ್ತಿದ್ಲು. ಈ ವರ್ಷನೇ ಇಲ್ಲ ಅಂದ್ರೆ ನನ್ನ ಮಗಳಿಗೆ ಎದೆ ಒಡೆದೋಗುತ್ತೆ."

"ಪಟ ಒಂದು ರಾತ್ರಿ ತೆಗ್ದಿಟ್ರೆ?" ಅಂದೆ ನಾನು, ಅವಳ ಮನಸ್ಸು ನೋಡೋಣ ಅಂತ.

"ಅಳಿಯ ತಾನೇ ತೆಗೀತೀನಿ ಅಂದ. ಸ್ಟೂಲೂ ಹತ್ತಿದ್ದ. ನಾನೇ ಇಳಿಸ್ದೆ. ಅವ್ನ ಅವ್ವ ಕೊಟ್ಟಿದ್ದನ್ನ ಅಟ್ಟಕ್ಕೆಸೆದು ನಮ್ಮಮ್ಮನ್ನ ಒಳಗೆ ಕರೀಲಾ? ಅಂಗೆ ಕರೆದ್ರೆ ಆಯಮ್ಮ ಬತ್ತಾಳಾ?"

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಾನು ಫಾದರ್ ಹತ್ತಿರ ಹೋಗಿ ಕೇಳಿದೆ. ಅವರು ಸ್ಕೂಟರಿನ ಕೀಲಿ ತಿರುಗಿಸುತ್ತಿದ್ದರು. "ನಾನು ಹಂಗೇನೂ ಹೇಳಿಲ್ಲಮ್ಮ. ಅದೆಲ್ಲ ನಿಮ್ಮ ವಲಯದ ವಿಷಯ, ನಿಮ್ಮ ನಿಮ್ಮಲ್ಲೇ ಪ್ರೀತಿಯಿಂದ ಬಗೆಹರಿಸ್ಕೊಳ್ಳಿ" ಅಂದರು, ಹೊರಟುಹೋದರು. ಇಲ್ಲ ಅನ್ನಲಿಲ್ಲವಲ್ಲ, ಅದೂ ಒಂದು ದಯೆ ಅಂತ ಲೆಕ್ಕಕ್ಕೆ ಹಾಕಿಕೊಂಡೆ. ಪ್ರೀತಿಯಿಂದ ಬಗೆಹರಿಸುವವರು ಎಲ್ಲಿ ಸಿಗುತ್ತಾರೆ ಅಂತ ಮಾತ್ರ ಅವರು ಹೇಳಿ ಹೋಗಲಿಲ್ಲ.

ನಮ್ಮ ಮನೆಯ ಸರದಿ ಬಂದದ್ದು ದಸರಾ ಹೊತ್ತಿಗೆ ಸರಿಯಾಗಿ. ತಾಯಿ ನಮ್ಮ ಮನೆಗೆ ಬಂದ ಮಾರನೆಯ ದಿನವೇ ವಿಜಯದಶಮಿ. ಆ ಸಂಜೆ ನಾವು ತಾಯಿಯನ್ನು ಸಂಚಾಲಕಿಯ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಆಕೆ ಫೋನ್ ಮಾಡಿದಳು.

"ಇವತ್ತು ಬೇಡ ಕಣ್ರೀ, ನಾಳೆ ತನ್ನಿ. ಇವತ್ತೊಂದಿನ ನೀವು ನೀವೇ ಜಪಸರ ಮಾಡ್ಕೊಳ್ಳಿ. ನಮಗೆಲ್ಲ ಪಾಸ್ ಸಿಕ್ಬುಟ್ಟಿದೆ."

"ಎಂಥ ಪಾಸು?"

"ಅಯ್ಯೋ, ಜಂಬೂ ಸವಾರಿಗೆ! ಆಮೇಲೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತಿಗೂ ಇದೆ. ನಮ್ಮೋರು ಎಷ್ಟು ಕಷ್ಟಪಟ್ಟು ತಂದಿದ್ದಾರೆ ಗೊತ್ತಾ? ವಲಯದೋರೆಲ್ಲ ಒಂದೇ ವ್ಯಾನಲ್ಲಿ ಹೋಗ್ತಿದೀವಿ. ನೀವೂ ಬರೋದಾದ್ರೆ ಹೇಳಿ."

ಜಂಬೂ ಸವಾರಿ ನೋಡುವುದರಲ್ಲಿ ತಪ್ಪೇನಿಲ್ಲ. ಮೈಸೂರಿನಲ್ಲಿ ಹುಟ್ಟಿದವರು ಆನೆ ನೋಡದೆ ಇರುವುದು ಹೇಗೆ? ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನಾನೂ ನೋಡಿದ್ದೇನೆ. ಆದರೆ ಆ ಚಿನ್ನದ ಅಂಬಾರಿಯಲ್ಲಿ ಕೂತು ಬರುವುದು ಯಾರು? ಅದೇ ಚಾಮುಂಡಿ ತಾನೆ? ಬಡ ಹೊಲಿಗೆಯವಳ ಗೋಡೆಯ ಮೇಲೆ ಕೂತರೆ ಮೈಲಿಗೆ, ಆನೆಯ ಮೇಲೆ ಕೂತರೆ ಪಾಸು ತೆಗೆದುಕೊಂಡು ಹೋಗಿ ನೋಡಬಹುದು! ಅದಕ್ಕೋಸ್ಕರ ಜಪಸರವನ್ನೂ ನಾಳೆಗೆ ಹಾಕಬಹುದು! ಬಾಯಿಗೆ ಬಂದದ್ದನ್ನು ನುಂಗಿ, "ನಮಗೆ ಬೇಡಿ, ತಾಯಿ ಮನೇಲಿದ್ದಾಳೆ" ಅಂದೆ.

"ಹೌದಲ್ವಾ, ಪಾಪ. ಮೇಣದಬತ್ತಿ ಆರದ ಹಂಗೆ ನೋಡ್ಕೊಳ್ಳಿ ಮತ್ತೆ" ಅಂದಳು.

ಹಾಗೆ ತಾಯಿ ನಮ್ಮ ಮನೆಯಲ್ಲಿ ಇನ್ನೊಂದು ರಾತ್ರಿ ಉಳಿದಳು. ಆ ಸಂಜೆ ಹಿನಕಲ್ಲಿನ ಬೀದಿಗಳು ಖಾಲಿ. ಊರಿಗೆ ಊರೇ ಆನೆಯ ಹಿಂದೆ ಹೋಗಿತ್ತು. ಹೊಲಿಗೆಯವಳು ಮಗಳ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ನಮ್ಮ ಮನೆಗೆ ಬಂದಳು. ಹುಡುಗಿಯ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಗಂಡನ ಹವಾಯಿ ಚಪ್ಪಲಿ ಹಾಕಿಕೊಂಡಿದ್ದಳು. ಕುರ್ಚಿ ಕೊಟ್ಟೆ, ಬೇಡ ಅಂತ ಕಷ್ಟಪಟ್ಟು ನೆಲದ ಮೇಲೆ ಕೂತಳು. ನಾವು ಮೂರು ಜನ ಹೆಂಗಸರು ನಿಧಾನವಾಗಿ, ಯಾವ ಪಫ್ಫಿನ ಅವಸರವೂ ಇಲ್ಲದೆ, ಜಪಸರ ಮಾಡಿದೆವು. ಏಳುವಾಗ ಹುಡುಗಿ ತಾಯಿಯ ಪಾದ ಮುಟ್ಟಿ, ನನ್ನ ಕಡೆ ತಿರುಗಿ, "ಆಂಟಿ, ಇಲ್ಲಿ ಮಾಡಿದ್ರೂ ಒಂದೇ ಅಲ್ವಾ? ನಮ್ಮನೆಗೇ ಬರ್ಬೇಕು ಅಂತೇನಿಲ್ಲ ಅಲ್ವಾ?" ಅಂದಳು.

ಒಂದೇ ಕಣಮ್ಮ ಅನ್ನಬಹುದಿತ್ತು. ಅನ್ನಲಿಲ್ಲ. ಒಂದೇ ಆಗಿದ್ದರೆ ಇಷ್ಟು ವರ್ಷ ತಾಯಿಯನ್ನು ಹೊತ್ತುಕೊಂಡು ಮನೆ ಮನೆ ತಿರುಗುವುದೇಕೆ? ಒಂದೇ ಕಡೆ ಕೂರಿಸಿ ಎಲ್ಲರೂ ಅಲ್ಲಿಗೇ ಹೋಗಬಹುದಿತ್ತಲ್ಲ. ಹುಡುಗಿ ಹೋದ ಮೇಲೆ ತಾಯಿಯ ಮುಖ ನೋಡಿದೆ. ತುಂಬು ಬಸುರಿ ಮರಿಯಮ್ಮನಿಗೆ ಬೆತ್ಲೆಹೇಮಿನಲ್ಲಿ ಯಾರೂ ಜಾಗ ಕೊಡಲಿಲ್ಲ ಅಂತ ಡಿಸೆಂಬರಿನಲ್ಲಿ ನಾವೆಲ್ಲ ಕಣ್ಣೀರು ಹಾಕುತ್ತೇವೆ. ನಮ್ಮ ಸಂಚಾಲಕಿ ಕಟ್ಟುವ ಕ್ರಿಸ್ಮಸ್ ಗೋದಲಿಗೆ ಮೋಟಾರಿಟ್ಟು ನೀರು ಹರಿಸುತ್ತಾರೆ, ಅಷ್ಟು ಭಕ್ತಿ. ದೂರದಲ್ಲಿ ಬನ್ನಿಮಂಟಪದ ಕಡೆಯಿಂದ ಬಾಣಬಿರುಸಿನ ಸದ್ದು ಕೇಳುತ್ತಿತ್ತು.

ಮಾರನೆಯ ಸಂಜೆ ಎಲ್ಲರೂ ನಮ್ಮ ಮನೆಗೆ ಸೇರಿದರು. ಮಾತೆಲ್ಲ ಆನೆಯದೇ. ಅಂಬಾರಿ ಎಷ್ಟು ಹೊಳೆಯಿತು, ಯಾರ ಸೀಟು ಮುಂದಿತ್ತು, ಇದೇ. ಸಂಚಾಲಕಿ ಹೊಸ ಸೀರೆ ಉಟ್ಟಿದ್ದಳು. ಆಕೆಯ ಮನೆಗೆ ಸೀರಿಯಲ್ ಸೆಟ್ ಹಾಕಿಸಿದ್ದು ನಮ್ಮ ಮಹಡಿಯಿಂದಲೇ ಕಾಣುತ್ತಿತ್ತು. ಬಿರಿಯಾನಿ ಮಾಡಿಸಿದ್ದಾಳಂತೆ ಅಂತ ಹೆಂಗಸರು ಪಿಸುಗುಟ್ಟುತ್ತಿದ್ದರು. ಬಾಳೆಹಣ್ಣಿನ ನಿಯಮ ಮಾಡಿದ ಕೈಯೇ ಬಿರಿಯಾನಿಗೂ ಹೇಳಿತ್ತು.

ಸ್ವರೂಪ ಎತ್ತಲು ನನ್ನ ಗಂಡ ಮುಂದೆ ಬಂದರು. "ರೀ, ಈ ಸಲ ನಾನೇ ಹಿಡ್ಕೋತೀನಿ, ನೀವು ಮೇಣದಬತ್ತಿ ಹಿಡ್ಕೊಳ್ಳಿ" ಅಂದೆ. ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ, ಏನೋ ಇದೆ ಅಂತ ಗೊತ್ತಾಗಿರಬೇಕು, ಆದರೂ ಬಾಯಿ ಬಿಡಲಿಲ್ಲ. ಇದನ್ನೂ ದಯೆಗಳ ಲೆಕ್ಕಕ್ಕೇ ಸೇರಿಸುತ್ತೇನೆ.

ನಮ್ಮ ಮೆರವಣಿಗೆಯನ್ನು ಒಮ್ಮೆ ನೋಡಬೇಕು ನೀವು. ಮುಂದೆ ತಾಯಿ. ಹಿಂದೆ ಒಬ್ಬರ ಕೈಲಿ ಬ್ಲೂಟೂತ್ ಸ್ಪೀಕರ್. ಅದರ ಹಿಂದೆ ಹೆಂಗಸರು, ಎಲ್ಲರ ತಲೆಯೂ ಮೊಬೈಲಿಗೆ ಬಾಗಿರುತ್ತದೆ, ಯಾಕೆಂದರೆ ಹಾಡಿನ ಸಾಲು ಅದರಲ್ಲಿರುತ್ತದೆ. ಪ್ರತಿ ವರ್ಷ ಅದೇ ಹಾಡು, ಆದರೂ ಬಾಯಿಗೆ ಬರುವುದಿಲ್ಲ. ಎಲ್ಲರಿಗಿಂತ ಹಿಂದೆ ಸಂಚಾಲಕಿ, ವಲಯದ ವಾಟ್ಸಾಪ್ ಗುಂಪಿಗೆ ಹಾಕಲು ವಿಡಿಯೋ ತೆಗೆಯುತ್ತಾ. ರಸ್ತೆ ಯಾರೂ ನೋಡುವುದಿಲ್ಲ. ಮುಂದಿನವರ ಹಿಮ್ಮಡಿ ನೋಡಿಕೊಂಡು ನಡೆಯುತ್ತಾರೆ.

ತಿರುವಿನಲ್ಲಿ ಸಂಚಾಲಕಿಯ ಮನೆಗೆ ಬಲಕ್ಕೆ ಹೋಗಬೇಕು. ನಾನು ಎಡಕ್ಕೆ ತಿರುಗಿದೆ.

ನನ್ನ ಗಂಡ ಒಂದು ಸಲ ಕೆಮ್ಮಿದರು, ನನ್ನ ಜೊತೆಗೇ ತಿರುಗಿದರು. ಸ್ಪೀಕರ್ ತಿರುಗಿತು. ಹಾಡೂ ತಿರುಗಿತು. ಕುರಿಮಂದೆ ಅಂತ ಬೈಬಲಿನಲ್ಲಿ ನಮ್ಮನ್ನು ಸುಮ್ಮನೆ ಕರೆದಿಲ್ಲ. ಹೊಲಿಗೆಯವಳ ಗೇಟು ತೆರೆದೇ ಇತ್ತು. ನಾನು ಅಂಗಳ ದಾಟಿ, ಚಪ್ಪಲಿ ಕಳಚಿ, ಹೊಸಿಲ ಒಳಗೆ ಕಾಲಿಟ್ಟೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ರವಿಕೆಯ ತೋಳು ಕೂಡಿಸುತ್ತಿದ್ದಳು. ನನ್ನನ್ನು, ನನ್ನ ಕೈಲಿದ್ದ ತಾಯಿಯನ್ನು ನೋಡಿದವಳೇ ಎದ್ದು ನಿಂತಳು. ಸೂಜಿ ಬಾಯಿಂದ ತೆಗೆದು ಮೊದಲು ನನಗೇ ಬಯ್ದಳು.

"ಏನಕ್ಕ ಇದು! ಒಂದು ಮಾತು ಹೇಳ್ಬಾರ್ದಾ? ಮನೆ ನೋಡು ಎಂಗದೆ! ಬಟ್ಟೆ ಚೂರು, ಕಾಲಿಡಕ್ಕೆ ಜಾಗಿಲ್ಲ, ಒಂದು ಮೇಣದಬತ್ತಿ ಇಲ್ಲ, ಒಂದು ಹೂವಿಲ್ಲ. ಮಾನ ಕಳೀತೀಯಲ್ಲ ನಂದು!"

"ಬಿಳಿ ಬಟ್ಟೆ ಇದ್ಯಾ?" ಅಂದೆ.

ಅವಳು ಮೆಷಿನ್ನಿನ ಮೇಲಿದ್ದ ರವಿಕೆಯನ್ನು ಬಾಚಿ ತೆಗೆದು ಲೈನಿಂಗ್ ಬಟ್ಟೆಯ ಥಾನಿನಿಂದ ಒಂದಳತೆ ಪರ್‍ರನೆ ಹರಿದು ಹಾಸಿದಳು. ನಾನು ತಾಯಿಯನ್ನು ಹೊಲಿಗೆ ಮೆಷಿನ್ನಿನ ಮೇಲೆ ಇಳಿಸಿದೆ. ಅಷ್ಟರಲ್ಲಿ ಹಾಡು ನಿಂತಿತ್ತು. ಸುಮಾರು ಜನ ಆಗಲೇ ಒಳಗೆ ಬಂದಾಗಿತ್ತು, ಬಂದ ಮೇಲೆ ತಲೆಯೆತ್ತಿ ಗೋಡೆ ನೋಡಿ, ಪಟ ನೋಡಿ, ಎಲ್ಲಿದ್ದೇವೆ ಅಂತ ಅವರಿಗೆ ಗೊತ್ತಾದದ್ದು. ಹಿಂದಿನಿಂದ ಸಂಚಾಲಕಿಯ ದನಿ ಬಂತು.

"ಏನ್ರೀ ಇದು? ಯಾರ ಮನೆಗೆ ಬಂದ್ಬುಟ್ರಿ? ನಮ್ಮನೆಗಲ್ವಾ ಬರ್ಬೇಕಾಗಿದ್ದು? ಎತ್ತಿ, ಎತ್ತಿ ಮೊದ್ಲು!"

"ಇಟ್ಟಾಯ್ತಲ್ಲ" ಅಂದೆ. "ಇಟ್ಟ ಮೇಲೆ ಇಟ್ಟ ಹಂಗೇ ಅಂತ ನೀವೇ ಹೇಳಿದ್ದು. ತಾಯಿ ಏನು ಗ್ಯಾಸ್ ಸಿಲಿಂಡರಾ?"

ಯಾರೋ ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟುಕೊಂಡರು.

"ಆ ಪಟ ಇಟ್ಕೊಂಡು ಇಲ್ಲಿ ಜಪಸರಾನಾ? ಫಾದರ್‌ಗೆ ಹೇಳ್ತೀನಿ ನಾನು!"

"ಹೇಳಿ. ನಾನೂ ಕೇಳಿದ್ದೀನಿ ಅವರನ್ನ. ಅವರು ಅಂಥ ಮಾತೇ ಆಡಿಲ್ವಂತೆ. ಅಲ್ಲಾ, ನಿನ್ನೆ ಈಯಮ್ಮನ್ನ ನೋಡಕ್ಕೇ ಅಲ್ವಾ ವ್ಯಾನ್ ಮಾಡ್ಕೊಂಡು ಹೋಗಿದ್ದು? ಪಾಸಿಲ್ದೆ ಇವತ್ತು ಇಲ್ಲೇ ನೋಡಿ."

ಒಳಕೋಣೆಯ ಬಾಗಿಲಲ್ಲಿ ಅಳಿಯ ಬಂದು ನಿಂತಿದ್ದ. ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, "ಅಮ್ಮಾರೆ, ಜಗಳ ಬ್ಯಾಡಿ. ನಾನು ಪಟ ತಕ್ಕೊಂಡು ಆಚೆ ನಿಂತ್ಕೋತೀನಿ. ಮುಗುದ್ಮೇಲೆ ಬತ್ತೀನಿ ಬುಡಿ" ಅಂದ.

"ನಿಂತ್ಕೋ ನೋಡೋಣ!" ಅಂದಳು ಅವನ ಅತ್ತೆ. ನನಗೆ ಬಯ್ದದ್ದಕ್ಕಿಂತ ಜೋರಾಗಿ. "ನಿನ್ನ ಮನೆ ಬುಟ್ಟು ನೀನೆಲ್ಲೋ ಹೋಗ್ತೀಯ? ಕೂತ್ಕೋ ಅಲ್ಲಿ."

ಅವನು ಗೋಡೆಗೆ ಒರಗಿ ಕೂತಿದ್ದ ಹೆಂಡತಿಯ ಪಕ್ಕ ಕೂತ. ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ, ಮುಸುಕಿನಲ್ಲಿ ಸರಿಯಾಗಿ ಕಾಣಲಿಲ್ಲ.

ನಾನು ಶಿಲುಬೆಯ ಗುರುತು ಹಾಕಿ ಶುರು ಮಾಡಿದೆ. ಕೆಲವರು ಎದ್ದು ಹೋದರು. ಹೋಗಲಿ. ಬಿರಿಯಾನಿ ಆರುತ್ತಿತ್ತಲ್ಲ. ಆದರೆ ಬಹಳ ಜನ ಕೂತರು, ಕೆಲವರು ಸಂಕೋಚಕ್ಕೆ, ಕೆಲವರು ಮಂಡಿನೋವಿಗೆ, ಒಂದಿಬ್ಬರು ನಿಜವಾಗಿಯೂ. ಸಂಚಾಲಕಿ ಒಳಗೆ ಬರಲಿಲ್ಲ. ಮನೆಗೂ ಹೋಗಲಿಲ್ಲ. ಚಪ್ಪಲಿ ಹಾಕಿಕೊಂಡೇ ಗೇಟಿನ ಬಳಿ ನಿಂತಿದ್ದಳು. ಜಪಸರ ಮಾಡುವವರಿಗೆ ಗೊತ್ತು, ಪ್ರತಿ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳುತ್ತಾರೆ, ಉಳಿದರ್ಧ ಎಲ್ಲರೂ ಸೇರಿ ಹೇಳುತ್ತಾರೆ. ಮಾತು ಕಲಿತಾಗಿನಿಂದ ಹೇಳಿ ಹೇಳಿ ನಾಲಿಗೆ ತಾನೇ ಹೇಳಿಬಿಡುತ್ತದೆ. ಎರಡನೆಯ ರಹಸ್ಯದ ಹೊತ್ತಿಗೆ ಗೇಟಿನ ಕಡೆಯಿಂದಲೂ ಉಳಿದರ್ಧ ಕೇಳಿಸಿತು. ಸಿಟ್ಟಿನಲ್ಲೇ ಹೇಳುತ್ತಿದ್ದಳು. ಆದರೆ ಒಂದು ಅಕ್ಷರವನ್ನೂ ಬಿಡಲಿಲ್ಲ.

ತಿನ್ನಲು ಅವಳ ಮನೆಯಲ್ಲಿ ಏನೂ ಇರಲಿಲ್ಲ. ಅಳಿಯ ಓಡಿಹೋಗಿ ಅಂಗಡಿಯಿಂದ ಬಾಳೆಹಣ್ಣು ತಂದ. ವಲಯದ ನಿಯಮವನ್ನು ಆ ತಿಂಗಳು ಸರಿಯಾಗಿ ಪಾಲಿಸಿದ್ದು ಅದೊಂದೇ ಮನೆ. ತಾಯಿ ಆ ರಾತ್ರಿ ಹೊಲಿಗೆ ಮೆಷಿನ್ನಿನ ಮೇಲೆಯೇ ತಂಗಿದಳು. ಮೆಷಿನ್ನು ಓಡಿಸುವಂತಿಲ್ಲವಲ್ಲ, ಹೊಲಿಗೆಯವಳಿಗೂ ಒಂದು ದಿನ ಕಾಲಿಗೆ ಬಿಡುವು ಸಿಕ್ಕಿತು. ಸೊಂಟ ನೋಯದೆ ಎದ್ದ ಬೆಳಿಗ್ಗೆ ಯಾವಾಗ ಬಂದಿತ್ತೋ ನೆನಪೇ ಇಲ್ಲ ಅಕ್ಕ ಅಂದಳು. ಅದನ್ನು ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಆದರೆ ಪದ್ಧತಿ ಅಂದರೆ ಪದ್ಧತಿ. ತಾಯಿ ಯಾರ ಮನೆಯಲ್ಲಿ ತಂಗಿದಳೋ ಅವರೇ ಮುಂದಿನ ಮನೆಗೆ ಹೊರಬೇಕು. ಮಾರನೆಯ ಸಂಜೆ ಹುಡುಗಿಗೆ ನಡೆಯಲಾಗುತ್ತಿರಲಿಲ್ಲ, ಹೊಲಿಗೆಯವಳು ಮಗಳನ್ನು ಬಿಟ್ಟು ಬರುವಂತಿರಲಿಲ್ಲ. ಆದ್ದರಿಂದ ಅಳಿಯನೇ ಎತ್ತಿಕೊಂಡ. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಅಂಗಿ ಹಾಕಿದ್ದ. "ಬೀಳುಸ್ಬುಟ್ರೆ ಏನಮ್ಮಾ ಗತಿ?" ಅಂತ ನನ್ನನ್ನು ಕೇಳಿದ. "ಬೀಳಲ್ಲ, ನಡಿ" ಅಂದೆ. ನೀರು ತುಂಬಿದ ಕೊಡ ಹೊತ್ತವನ ಹಾಗೆ ನಡೆದ. ಈ ಸಲ ಹಿಂದೆ ಬಂದವರು ಕಡಿಮೆ, ಆದರೆ ಬಂದವರ ತಲೆ ಮೊಬೈಲಿನಲ್ಲಿರಲಿಲ್ಲ.

ಸಂಚಾಲಕಿಯ ಮನೆಯ ಬಾಗಿಲು ಹಾಕಿತ್ತು. ಸೀರಿಯಲ್ ಸೆಟ್ ಮಾತ್ರ ಮಿಣಮಿಣ ಅನ್ನುತ್ತಿತ್ತು. ಅವನು ಮಾರ್ಬಲ್ ಮೆಟ್ಟಿಲ ಕೆಳಗೆ ತಾಯಿಯನ್ನು ಎದೆಗೆ ಒತ್ತಿ ಹಿಡಿದು ನಿಂತ. ಬೆಲ್ ಒತ್ತಲು ಕೈ ಖಾಲಿ ಇರಲಿಲ್ಲ. ನಾನೂ ಒತ್ತಲಿಲ್ಲ. ನನ್ನ ಗಂಡನ ಮೇಣದಬತ್ತಿ ಒಂದಷ್ಟು ಉರಿದ ಮೇಲೆ ಬಾಗಿಲು ತೆರೆಯಿತು. ಆಕೆ ಅವನ ಮುಖ ನೋಡಲಿಲ್ಲ. ತಾಯಿಯ ಮುಖ ನೋಡಿದಳು, ಮುಸುಕು ಹಾಕಿಕೊಂಡಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಳಗೆ ಹೋಗಿ ತಾಯಿಯನ್ನು ಕಸೂತಿಯ ಬಿಳಿ ಬಟ್ಟೆಯ ಮೇಲೆ ಇಳಿಸುವಾಗ ಎಂದಿನಂತೆ ಆಕೆ ಫೋಟೋ ತೆಗೆದಳು.

ಮನೆಗೆ ಬಂದು ವಾಟ್ಸಾಪ್ ತೆರೆದೆ. ವಲಯದ ಗುಂಪಿನಲ್ಲಿ ಫೋಟೋ ಬಂದಿತ್ತು. ತಾಯಿ ಇದ್ದಳು, ಸೀರಿಯಲ್ ಸೆಟ್ ಇತ್ತು, ಹೂವಿನ ರಾಶಿ ಇತ್ತು. ಹುಡುಗನನ್ನು ಕತ್ತರಿಸಿಬಿಟ್ಟಿದ್ದಳು. ಆದರೆ ತಾಯಿಯನ್ನು ಹಿಡಿದಿದ್ದ ಅವನ ಎರಡು ಕೈಗಳನ್ನು ಕತ್ತರಿಸಲು ಆಗಿರಲಿಲ್ಲ. ಕತ್ತರಿಸಿದ್ದರೆ ತಾಯಿಯ ಪಾದವೂ ಹೋಗುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಕಪ್ಪಗೆ ಕಾಣುತ್ತಿತ್ತು.

ಫೋಟೋವನ್ನು ಉಳಿಸಿಕೊಂಡು ಹುಡುಗಿಗೆ ಕಳಿಸಿದೆ. ಶಿಲುಬೆಯ ಗುರುತು ಹಾಕಿಕೊಂಡು ಹಾಲಿಗೆ ಹೆಪ್ಪು ಹಾಕಲು ಎದ್ದೆ.